ನೆಲ ಮುಟ್ಟದ ವಿಮಾನಗಳು

ಇಂಗ್ಲೆಂಡಿನ ಉತ್ತರಭಾಗದಲ್ಲಿ ಮ್ಯಾಂಚೆಸ್ಟರ್, ಷೆಫೀಲ್ಡ್ ಎಂಬ ಎರಡು ದೊಡ್ಡ ಪಟ್ಟಣಗಳಿವೆ. ಒಂದು ಹತ್ತಿಯ ಬಟ್ಟೆಗೆ ಹೆಸರಾದುದು, ಇನ್ನೊಂದು ಉಕ್ಕಿಗೆ. ಈ ಎರಡರ ನಡುವೆ ಊರೂ ಮರವೂ ವಿರಳವಾದ ಒಂದು ಬೆಟ್ಟನಾಡು ಬೀಳುಭೂಮಿಯಂತೆ ಹಬ್ಬಿಕೊಂಡಿದೆ. ಅದಕ್ಕೆ ಪೀಕ್ ಸೀಮೆಯೆಂದು ಹೆಸರು. 1951ನೆಯ ಇಸವಿಯಲ್ಲಿ ಬ್ರಿಟನ್ನಿನ ಮೊತ್ತಮೊದಲನೆಯ ರಾಷ್ಟ್ರೀಯ ಉದ್ಯಾನವೆಂದು ಸಾರಲ್ಪಟ್ಟ ಪ್ರದೇಶವು ಇದೇ. ಬೆಟ್ಟವೆಂದೊಡನೆ ಬಾಬಾಬುಡನ್‌ಗಿರಿಯನ್ನೋ ಕೊಡಚಾದ್ರಿಯನ್ನೋ ನೆನೆಯುವ ನಮ್ಮ ವಾಚಕರಿಗೆ ಇವು ಬೆಟ್ಟಗಳೆಂದೇ ತೋರಲಾರವು. ಎಲ್ಲಕ್ಕೂ ಎತ್ತರವಾದ ಕಿಂಡರ್ ಸ್ಕೌಟ್ 636 ಮೀಟರು. ಅದರ ನೆರೆಯ ಬ್ಲೀಕ್ಲೋ 633 ಮೀಟರು. ನಮ್ಮ ಬೆಂಗಳೂರು ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಹೀಗಿದ್ದರೂ ಈ ತಗ್ಗುಬೆಟ್ಟಗಳಿಗೆ ತಾಕಿ ಒಡೆದುಹೋದ ವಿಮಾನಗಳು ಐವತ್ತಕ್ಕೂ ಹೆಚ್ಚು.

ಬಿದ್ದ ವಿಮಾನಗಳ ಮಾತು ಹಾಗಿರಲಿ. ಬೀಳದೆ, ಇಳಿಯದೆ, ಎಲ್ಲಿಂದಲೋ ಬಂದು ಎಲ್ಲಿಗೋ ಮರೆಯಾಗುವ ವಿಮಾನಗಳನ್ನು ಕಂಡೆವೆನ್ನುವ ಜನರೂ ಇಲ್ಲಿ ಅನೇಕರುಂಟು. ಆ ವಿಮಾನಗಳ ಆಕಾರದಲ್ಲಿ ವಿಚಿತ್ರವೇನೂ ಇಲ್ಲ. ಅವು ತಟ್ಟೆಯಂತೆ ದುಂಡಗಿರುವುದಿಲ್ಲ. ಬಣ್ಣಬಣ್ಣದ ಬೆಳಕನ್ನು ಕಾರುವುದಿಲ್ಲ. ರೆಕ್ಕೆ, ಬಾಲ, ತಿರುಗುವ ಪಂಖ, ಎಲ್ಲವೂ ನಾವು ನೀವು ಬಲ್ಲಂಥವೇ. ಅವು ಕೆಳಗೆ, ತೀರ ಕೆಳಗೆ, ಸದ್ದಿಲ್ಲದೆ ಹಾರಿ ಗುಡ್ಡದ ಹಿಂದಕ್ಕೆ ಹೋಗುತ್ತವೆ. ಈಗ ಬಿದ್ದೀತೆಂದು ನೋಡಿದವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಏನೂ ಬೀಳುವುದಿಲ್ಲ. ಇಷ್ಟೇ ಕಥೆ. ಅಂಥದೊಂದನ್ನು ನಾವೂ ಕಂಡೆವಾದ್ದರಿಂದ ಈ ನಾಲ್ಕು ಮಾತು ಬರೆಯಲು ಮನಸ್ಸಾಯಿತು.

2018ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ನಾನೂ ನನ್ನಾಕೆಯೂ ಷೆಫೀಲ್ಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಅಳಿಯಂದಿರು ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಪಶ್ಚಿಮಕ್ಕೆ ಹೊರಟರು. ಪಟ್ಟಣದ ಕೊನೆಯ ಮನೆಗಳನ್ನು ದಾಟಿ ಅರ್ಧಗಂಟೆಯಾಗುವುದರೊಳಗೆ ಮನುಷ್ಯವಾಸದ ಸುಳಿವೇ ಇಲ್ಲವಾಯಿತು. ಹೆದರ್ ಎಂಬ ಕುರುಚಲು ಗಿಡವು ಆಗಸ್ಟಿನಲ್ಲಿ ನೇರಳೆಬಣ್ಣದ ಹೂವಿನಿಂದ ಗುಡ್ಡಗಳನ್ನೆಲ್ಲ ಮುಚ್ಚುವುದಂತೆ. ನಾವು ಹೋದಾಗ ಹೂವೆಲ್ಲ ಒಣಗಿ, ನೆಲವು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ದಾರಿಯ ಎರಡು ಕಡೆಗಳಲ್ಲಿಯೂ ಕುರಿಗಳು. ಅವುಗಳ ಮೇಲೆ ಆಕಾಶ. ಮತ್ತೇನೂ ಇಲ್ಲ.

ಮೊದಲು ನಮ್ಮ ಕಣ್ಣಿಗೆ ಬಿದ್ದುದು ಲೇಡಿಬವರ್ ಎಂಬ ಜಲಾಶಯ. ಡರ್ವೆಂಟ್ ಹೊಳೆಗೆ ಸಾಲಾಗಿ ಮೂರು ಕಟ್ಟೆಗಳನ್ನು ಕಟ್ಟಿದ್ದಾರೆ. ಹೌಡೆನ್ ಕಟ್ಟೆಯು 1912ರಲ್ಲಿಯೂ ಡರ್ವೆಂಟ್ ಕಟ್ಟೆಯು 1916ರಲ್ಲಿಯೂ ಮುಗಿದುವು. ಲೇಡಿಬವರನ್ನು 1945ರಲ್ಲಿ ಆರನೆಯ ಜಾರ್ಜ್ ದೊರೆಯು ಉದ್ಘಾಟಿಸಿದನು. ಅದರ ನೀರಿನಲ್ಲಿ ಡರ್ವೆಂಟ್, ಆಷಪ್ಟನ್ ಎಂಬ ಎರಡು ಹಳ್ಳಿಗಳು ಮುಳುಗಿದುವು. ಡರ್ವೆಂಟಿನ ಇಗರ್ಜಿಯ ಶಿಖರವೊಂದೇ ಕೆಲವು ಕಾಲ ನೀರಿನ ಮೇಲೆ ತಲೆಯೆತ್ತಿಕೊಂಡಿದ್ದಿತು. 1947ರಲ್ಲಿ ಅದನ್ನೂ ಸಿಡಿಮದ್ದಿಟ್ಟು ಕೆಡವಿದರು. ಆ ವರ್ಷದ ಬೇಸಗೆ ಬಿರುಸಾಗಿದ್ದುದರಿಂದ ನಾವು ಹೋದಾಗ ನೀರು ಬಹಳ ಕೆಳಕ್ಕೆ ಇಳಿದಿತ್ತು. ಒಡೆದ ಕೆಸರಿನ ನಡುವೆ ಡರ್ವೆಂಟಿನ ಗೋಡೆಗಳ ಅಡಿಪಾಯವೂ ಒಂದು ಬಾಗಿಲಿನ ಕಲ್ಲುಕಟ್ಟೂ ಹೊರಗೆ ಕಾಣುತ್ತಿದ್ದುವು. ನನ್ನಾಕೆ ಅದನ್ನು ಬಹಳ ಹೊತ್ತು ನೋಡುತ್ತಿದ್ದು, “ಹೊಸಿಲು ಹಾಗೆಯೇ ಇದೆ, ನೋಡಿ” ಎಂದಳು. ಮುಳುಗಿದುದು ಮತ್ತೆ ಮೇಲೇಳುವುದನ್ನು ಜನ ಕಣ್ಣಾರೆ ಕಾಣುವ ಸೀಮೆಯಿದು ಎಂಬುದನ್ನು ಮುಂದಿನ ಮಾತಿಗಾಗಿ ವಾಚಕರು ನೆನಪಿನಲ್ಲಿಡಬೇಕು.

ಅಲ್ಲಿಂದ ಮೇಲಕ್ಕೆ ಡರ್ವೆಂಟ್ ಕಟ್ಟೆಗೆ ಹೋದೆವು. ಕರಿಗಲ್ಲಿನ ಆ ಕಟ್ಟೆಯ ಎರಡು ತುದಿಗಳಲ್ಲಿಯೂ ಕೋಟೆಯ ಬುರುಜಿನಂಥ ಎರಡು ಗೋಪುರಗಳಿವೆ. ಜರ್ಮನಿಯ ಕೆಲವು ಕಟ್ಟೆಗಳಿಗೂ ಇಂಥ ಗೋಪುರಗಳಿದ್ದುವು. ಆದಕಾರಣ 1943ರಲ್ಲಿ ಆ ಕಟ್ಟೆಗಳನ್ನು ಒಡೆಯಬೇಕೆಂದು ಹೊರಟ 617ನೆಯ ವಾಯುದಳದವರು ಈ ಕಣಿವೆಯಲ್ಲಿ ನೀರಿಗೆ ತಾಕುವಷ್ಟು ಕೆಳಗೆ ಹಾರುವುದನ್ನು ಅಭ್ಯಾಸ ಮಾಡಿದರು. ಮೇ ತಿಂಗಳ 16ರ ರಾತ್ರಿ ಹತ್ತೊಂಬತ್ತು ಲ್ಯಾಂಕಾಸ್ಟರ್ ವಿಮಾನಗಳು ಹೊರಟುವು, ಎಂಟು ಮರಳಲಿಲ್ಲ. ಐವತ್ತಮೂರು ಮಂದಿ ಸತ್ತರು. ಈ ವೃತ್ತಾಂತವನ್ನು ಅಳಿಯಂದಿರು ಹೇಳಿ ಮುಗಿಸುವ ಹೊತ್ತಿಗೆ ಸೂರ್ಯನು ಗುಡ್ಡದ ಹಿಂದಕ್ಕೆ ಸರಿದಿದ್ದನು. ಕಣಿವೆಯಲ್ಲಿ ನೆರಳು ತುಂಬಿ, ಮೇಲಿನ ಆಕಾಶ ಮಾತ್ರ ಬೆಳಗುತ್ತಿತ್ತು.

ಆಗ ಒಂಬತ್ತು ವರ್ಷದ ನನ್ನ ಮೊಮ್ಮಗನು ಕೈಯೆತ್ತಿ ತೋರಿಸಿದನು. ಹೌಡೆನ್ ಕಡೆಯಿಂದ ಒಂದು ವಿಮಾನ ಬರುತ್ತಿತ್ತು. ಕಪ್ಪಗೆ, ದಪ್ಪಗೆ, ನಾಲ್ಕು ಪಂಖಗಳುಳ್ಳದ್ದು. ಗುಡ್ಡದ ತಲೆಗಿಂತಲೂ ಕೆಳಗೆ, ಅವಸರವೇ ಇಲ್ಲದಂತೆ, ಅದು ತೇಲಿಬಂದಿತು. ಒಂದು ಗಳಿಗೆ ಆಕಾಶದಲ್ಲಿ ನಿಂತೇಬಿಟ್ಟಿತೋ ಎಂಬಂತೆ ತೋರಿತು. ಅನಂತರ ಪಕ್ಕಕ್ಕೆ ವಾಲಿ, ಎಡಗಡೆಯ ಗುಡ್ಡದ ಭುಜದ ಹಿಂದಕ್ಕೆ ಇಳಿದು ಮರೆಯಾಯಿತು. ನಾವು ನಿಂತಲ್ಲಿಯೇ ನಿಂತಿದ್ದೆವು.

“ತಾತ, ಅದು ಎಲ್ಲಿ ಇಳಿಯಿತು?” ಎಂದು ಮಗುವು ಕೇಳಿತು.

“ಇಳಿಯಲಿಲ್ಲ, ಮಗು. ಗುಡ್ಡದ ಆಚೆಗೆ ಹೋಯಿತು.”

“ಆಚೆಗೂ ಗುಡ್ಡವೇ ಇರುವುದಲ್ಲ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಳಿಯಂದಿರು ನಕ್ಕು, “ಮಾವನವರೇ, ಈ ಊರಿನವರನ್ನು ಕೇಳಿದರೆ ಅದು ಲ್ಯಾಂಕಾಸ್ಟರ್ ವಿಮಾನದ ಭೂತವೆಂದು ಹೇಳುತ್ತಾರೆ” ಎಂದರು. ನನ್ನಾಕೆ, “ಮುಚ್ಚಂಜೆಯಲ್ಲಿ ಮಗುವಿನ ಮುಂದೆ ಇದೆಂಥ ಮಾತು!” ಎಂದು ಅವರನ್ನು ಗದರಿಸಿ, ಮಗುವಿನ ಕಿವಿಗೆ ಟೋಪಿ ಎಳೆದಳು. ಮನೆಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಚರ್ಚೆ ನಡೆಯಿತು. ಸದ್ದು ಕೇಳಿಸಿತೆಂದು ಮೊಮ್ಮಗನು ಹೇಳಿದನು. ಕೇಳಿಸಲೇ ಇಲ್ಲವೆಂದು ನನ್ನಾಕೆ ಹೇಳಿದಳು. ಅಳಿಯಂದಿರು ವಿಮಾನಕ್ಕೆ ಎರಡು ಬಾಲಗಳಿದ್ದುವೆಂದರು; ಮಗಳು ಬಾಲವನ್ನು ತಾನು ನೋಡಲೇ ಇಲ್ಲವೆಂದಳು. ಒಂದೇ ಕಡೆ ನಿಂತು ಒಂದೇ ವಸ್ತುವನ್ನು ನೋಡಿದ ಐವರಲ್ಲಿ ಹತ್ತು ನಿಮಿಷದೊಳಗೆ ಇಷ್ಟು ಭೇದ!

ನನಗೆ ನಮ್ಮ ತಂದೆಯವರ ನೆನಪಾಯಿತು. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಆರಂಭವಾಯಿತಷ್ಟೆ. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದವರ ಡಕೋಟ ಮೊದಲಾದ ವಿಮಾನಗಳು ಅಲ್ಲಿಗೆ ದುರಸ್ತಿಗೆ ಬರುತ್ತಿದ್ದುವು. ನಮ್ಮ ತಂದೆಯವರು ಆಗ ಅಲ್ಲಿ ಕೆಲಸಕ್ಕೆ ಸೇರಿದವರು. ನಾವು ಹುಡುಗರು ಅಂಗಳದಲ್ಲಿ ನಿಂತು ಆಕಾಶದಲ್ಲಿ ಹೋದುದಕ್ಕೆಲ್ಲ ಬಾಯಿಗೆ ಬಂದ ಹೆಸರು ಕೊಡುತ್ತಿದ್ದಾಗ ಅವರು ಒಂದು ನಿಯಮ ಹೇಳುತ್ತಿದ್ದರು: “ಎಂಜಿನು ಎಷ್ಟೆಂದು ಎಣಿಸು; ಬಾಲ ಹೇಗಿದೆಯೆಂದು ನೋಡು; ಸದ್ದು ಕೇಳು. ಮೂರೂ ಸಿಕ್ಕಿದರೆ ಹೆಸರು ಹೇಳು. ಸಿಕ್ಕದಿದ್ದರೆ, ಒಂದು ವಿಮಾನವನ್ನು ಕಂಡೆ ಎಂದು ಹೇಳಿ ಸುಮ್ಮನಾಗು.” ಆ ಸಂಜೆ ನಮಗೆ ಸಿಕ್ಕಿದುದು ಮೂರರಲ್ಲಿ ಒಂದೇ.

ಮರುದಿನ ಮಕ್ಕಳ ಶಾಲೆಗೆ ರಜವಿದ್ದಿತು. ಬ್ಲೀಕ್ಲೋ ಬೆಟ್ಟದ ಮೇಲೆ ನಿಜವಾಗಿಯೇ ಬಿದ್ದ ವಿಮಾನವೊಂದರ ಅವಶೇಷವಿದೆಯೆಂದು ತಿಳಿದು, ಅದನ್ನು ನೋಡಿ ಬರೋಣವೆಂದು ಹೊರಟೆವು. ಸ್ನೇಕ್ ಕಣಿವೆಯ ರಸ್ತೆಯು ನೆತ್ತಿಯನ್ನು ಮುಟ್ಟುವ ಕಡೆ ಕಾರನ್ನು ನಿಲ್ಲಿಸಿ, ಉತ್ತರಕ್ಕೆ ಕಾಲುನಡಿಗೆಯಲ್ಲಿ ಹೋಗಬೇಕು. ಸ್ವಲ್ಪ ದೂರ ಹಾಸುಗಲ್ಲಿನ ದಾರಿ. ಆಮೇಲೆ ಪೀಟ್ ಎಂಬ ಕಪ್ಪು ಜೌಗುಮಣ್ಣು. ಸಾವಿರಾರು ವರ್ಷಗಳಿಂದ ಪಾಚಿಯೂ ಹುಲ್ಲೂ ಕೊಳೆತು ಆದ ಆ ಮಣ್ಣನ್ನು ಮಳೆನೀರು ಕೊರೆದು ಆಳಾಳದ ಓಣಿಗಳನ್ನು ಮಾಡಿದೆ. ಓಣಿಯೊಳಗೆ ಇಳಿದರೆ ತಲೆಯ ಮೇಲಣ ಆಕಾಶದ ಹೊರತು ಮತ್ತೇನೂ ಕಾಣದು. ಒಂದೂವರೆ ಗಂಟೆ ನಡೆಯುವಷ್ಟರಲ್ಲಿ ಬಿಸಿಲು ಹೋಗಿ ಮಂಜು ಕವಿಯಿತು. ಹತ್ತು ಮಾರು ಮುಂದಿದ್ದ ಮಗಳು ಕಾಣದೆಹೋದಳು; ಧ್ವನಿ ಮಾತ್ರ ಕೇಳಿಸುತ್ತಿತ್ತು. ಇಷ್ಟು ಸಣ್ಣ ಬೆಟ್ಟವು ಅಷ್ಟು ವಿಮಾನಗಳನ್ನು ನುಂಗಿದುದು ಹೇಗೆಂಬ ನನ್ನ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯಿತು.

ಹೈಯರ್ ಷೆಲ್ಫ್ ಸ್ಟೋನ್ಸ್ ಎಂಬ ಶಿಖರದ ಹತ್ತಿರ ಮಂಜು ಸರಿದಾಗ, ಬಯಲಿನ ತುಂಬ ಬೆಳ್ಳಗೆ ಏನೋ ಚೆಲ್ಲಿದಂತೆ ಕಂಡಿತು. ಹತ್ತಿರ ಹೋದೆವು. ನಾಲ್ಕು ದೊಡ್ಡ ಎಂಜಿನುಗಳು, ರೆಕ್ಕೆಯ ತುಂಡುಗಳು, ಚಕ್ರದ ಕಾಲುಗಳು. ತುಕ್ಕು ಹಿಡಿಯದ ಅಲ್ಯುಮಿನಿಯಂ ತಗಡು ನಿನ್ನೆ ಬಿದ್ದಂತೆಯೇ ಹೊಳೆಯುತ್ತಿತ್ತು. ಅದು ಅಮೆರಿಕ ದೇಶದ ಬಿ-29 ಜಾತಿಯ ವಿಮಾನ. ಚಿತ್ರ ತೆಗೆಯುವ ಕೆಲಸದ್ದಾದುದರಿಂದ, ಬೆಳಕು ಹೆಚ್ಚಾಗಿ ಕೆಟ್ಟ ಚಿತ್ರವೆಂಬ ಅರ್ಥದಲ್ಲಿ ‘ಓವರ್ ಎಕ್ಸ್‌ಪೋಸ್ಡ್’ ಎಂದು ಅದಕ್ಕೆ ಹಾಸ್ಯದ ಹೆಸರಿಟ್ಟಿದ್ದರು. 1946ರಲ್ಲಿ ಬಿಕಿನಿ ದ್ವೀಪದ ಅಣುಬಾಂಬಿನ ಪರೀಕ್ಷೆಗಳ ಚಿತ್ರಗಳನ್ನು ತೆಗೆದ ವಿಮಾನಗಳಲ್ಲಿ ಇದೂ ಒಂದು. 1948ನೆಯ ನವೆಂಬರ್ 3ರಂದು ಸ್ಕ್ಯಾಂಪ್ಟನ್ ನಿಲ್ದಾಣದಿಂದ ಬರ್ಟನ್‌ವುಡ್ ನಿಲ್ದಾಣಕ್ಕೆ ಹೊರಟಿತು. ಅರ್ಧಗಂಟೆಯಷ್ಟರ ಪ್ರಯಾಣ. ಬೆಟ್ಟಗಳನ್ನು ದಾಟಿದೆವೆಂದು ಎಣಿಸಿ ಮೋಡದೊಳಗೆ ಇಳಿಯತೊಡಗಿದರೆಂದು ತೋರುತ್ತದೆ; ಬೆಟ್ಟ ಇನ್ನೂ ಅಡಿಯಲ್ಲಿಯೇ ಇದ್ದಿತು. ಹದಿಮೂರು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. 1988ರಲ್ಲಿ ಅಲ್ಲಿ ಒಂದು ಸ್ಮಾರಕದ ಕಲ್ಲನ್ನು ನಿಲ್ಲಿಸಿದ್ದಾರೆ. ಕಲ್ಲಿನ ಬುಡದಲ್ಲಿ ಕಾಗದದ ಕೆಂಪು ಗಸಗಸೆ ಹೂ ಅಂಟಿಸಿದ ಪುಟ್ಟ ಮರದ ಶಿಲುಬೆಗಳು. ಆ ದುರ್ಘಟನೆಗೆ ಎಪ್ಪತ್ತು ವರ್ಷ ತುಂಬಲು ಇನ್ನು ಕೆಲವೇ ದಿನಗಳಿದ್ದುವು.

ಈ ಒಂದು ಗುಡ್ಡದ ಸಾಲಿನಲ್ಲಿಯೇ ಇನ್ನೆರಡು ಅವಘಡಗಳಾಗಿವೆ. 1945ನೆಯ ಮೇ 18ರಂದು, ಎಂದರೆ ಯೂರೋಪಿನಲ್ಲಿ ಯುದ್ಧ ಮುಗಿದ ಹತ್ತನೆಯ ದಿನ, ಕೆನಡದ ಆರು ಜನ ತರುಣರಿದ್ದ ಲ್ಯಾಂಕಾಸ್ಟರ್ ವಿಮಾನವು ಸಮೀಪದ ಜೇಮ್ಸಸ್ ಥಾರ್ನ್ ಎಂಬಲ್ಲಿ ಬಿದ್ದಿತು. ಅದೇ ಜುಲೈ 24ರಂದು ಅದಕ್ಕೆ ಕೂಗಳತೆಯಲ್ಲಿ ಒಂದು ಡಕೋಟ ಬಿದ್ದು ಏಳು ಮಂದಿ ಸತ್ತರು. ಯುದ್ಧವನ್ನೆಲ್ಲ ಗೆದ್ದು ಉಳಿದವರನ್ನು ಮಂಜು ಕೊಂದಿತು. ಕಟ್ಟೆ ಒಡೆಯಲು ಹೋದ ಎಂಟು ವಿಮಾನಗಳಾದರೋ ಒಂದೂ ಇಲ್ಲಿ ಬೀಳಲಿಲ್ಲ. ಅವು ಸಮುದ್ರದಾಚೆ ಉಳಿದುವು. ಆದರೂ ಜನರು ಕಣಿವೆಯಲ್ಲಿ ಕಾಣುವ ವಿಮಾನವನ್ನು ಅವುಗಳಲ್ಲಿ ಒಂದೆಂದೇ ಹೇಳುವರು. ನೆನಪು ಭೂಗೋಳವನ್ನು ಲೆಕ್ಕಿಸುವುದಿಲ್ಲ.

ಕಲ್ಲಿನ ಬಳಿ ಒಬ್ಬ ವೃದ್ಧರು ಕುಳಿತು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಸ್ವಯಂಸೇವಕ ದಳದಲ್ಲಿ ಬಹುಕಾಲ ಇದ್ದವರಂತೆ. ಹಿಂದಿನ ಸಂಜೆಯ ಸಂಗತಿಯನ್ನು ನಾನು ಹೇಳಿದಾಗ ಅವರು ನಗಲಿಲ್ಲ. ಪೂರ್ವಕ್ಕೆ ಕೈ ತೋರಿಸಿ, ಹೌಡೆನ್ ಬಯಲುಗಳಲ್ಲಿ ನಡೆದ ಒಂದು ರಾತ್ರಿಯ ಕಥೆಯನ್ನು ಹೇಳಿದರು.

1997ನೆಯ ಮಾರ್ಚ್ 24, ಸೋಮವಾರ. ಹೇಲ್-ಬಾಪ್ ಧೂಮಕೇತುವು ಆಕಾಶದಲ್ಲಿ ಬೆಳಗುತ್ತಿದ್ದ ಕಾಲವದು. ನಮ್ಮ ದೇಶದಲ್ಲಿಯೂ ಆ ವಸಂತಕಾಲದಲ್ಲಿ ಜನ ಮಾಳಿಗೆ ಹತ್ತಿ ಅದನ್ನು ನೋಡಿದುದು ಹಲವರಿಗೆ ನೆನಪಿದ್ದೀತು. ರಾತ್ರಿ ಹತ್ತು ಗಂಟೆಯ ಸುಮಾರಿಗೆ ಪೋಲೀಸರಿಗೆ ದೂರವಾಣಿಯ ಕರೆಗಳು ಬಂದುವು. ವಿಮಾನವೊಂದು ತೀರ ಕೆಳಗೆ ಹಾರಿಹೋಯಿತೆಂದು ಕೆಲವರು. ದೊಡ್ಡ ಶಬ್ದವಾಯಿತೆಂದು ಕೆಲವರು. ಬಯಲಿನಲ್ಲಿ ಹೊಗೆ ಎದ್ದಿತೆಂದು ಕೆಲವರು. ನೂರಕ್ಕೂ ಹೆಚ್ಚು ಸ್ವಯಂಸೇವಕರು ದೀಪ ಹಿಡಿದು ಜೌಗಿಗೆ ಇಳಿದರು. ಹೆಲಿಕಾಪ್ಟರುಗಳೂ ಬಂದುವು. ರಾತ್ರಿಯೆಲ್ಲ ಹುಡುಕಿ, ಮರುದಿನವೂ ಹುಡುಕಿದರು. ಒಂದು ತಗಡಿನ ಚೂರೂ ಸಿಕ್ಕಲಿಲ್ಲ. ಯಾವ ನಿಲ್ದಾಣದಿಂದಲೂ ಯಾವ ವಿಮಾನವೂ ಕಾಣೆಯಾಗಿರಲಿಲ್ಲ. ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿದಾಗ ಉಂಟಾಗುವ ಗುಡುಗಿನಂಥ ಆಘಾತವನ್ನು ಭೂಕಂಪ ಅಳೆಯುವ ಯಂತ್ರಗಳು ಆ ರಾತ್ರಿ ಗುರುತಿಸಿದ್ದುವೆಂದೂ, ಆ ಸಂಜೆ ವಾಯುಸೈನ್ಯದವರ ಅಭ್ಯಾಸ ನಡೆದಿತ್ತೆಂದೂ ಆಮೇಲೆ ತಿಳಿದುಬಂದಿತು. ಆದರೆ ಕೆಳಗೆ ಹಾರಿದ ಆ ವಿಮಾನ ಇಂಥದೇ ಎಂದು ಎಲ್ಲರೂ ಒಪ್ಪುವ ಉತ್ತರ ದೊರೆಯಲಿಲ್ಲ.

“ಹಾಗಾದರೆ ನಿಮ್ಮ ಶ್ರಮವೆಲ್ಲ ವ್ಯರ್ಥವಾಯಿತಲ್ಲ?” ಎಂದು ಕೇಳಿದೆ. ಅವರು ಬಿದ್ದ ಎಂಜಿನುಗಳ ಕಡೆ ನೋಡಿ, ಏನೂ ಸಿಕ್ಕದ ರಾತ್ರಿಯೇ ತಮಗೆ ಒಳ್ಳೆಯ ರಾತ್ರಿಯೆಂದು ಹೇಳಿದರು. ನಾನು ಕೇಳಿದ ಪ್ರಶ್ನೆಗೆ ನನಗೇ ನಾಚಿಕೆಯಾಯಿತು.

ಈಗ ನಾವು ಕಂಡುದರ ವಿಚಾರ. ಮನೆಗೆ ಬಂದ ಮೇಲೆ ಮೊಮ್ಮಗನೊಡನೆ ಕುಳಿತು ಲೆಕ್ಕ ಹಾಕಿದೆನು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದು. ಐದು ಕಿಲೋಮೀಟರು ದೂರದ ವಿಮಾನದ ಸದ್ದು ನಮ್ಮ ಕಿವಿಗೆ ಬೀಳಲು ಹದಿನೈದು ಸೆಕೆಂಡು ಬೇಕು. ಗಂಟೆಗೆ 400 ಕಿಲೋಮೀಟರಿನ ವೇಗದಲ್ಲಿ ಅಷ್ಟರಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ, ಅಥವಾ ಗಾಳಿ ನಮ್ಮ ಕಡೆಯಿಂದ ಅತ್ತ ಬೀಸುತ್ತಿದ್ದರೆ, ಸದ್ದು ಬಾರದೆಯೇ ಹೋಗಬಹುದು. ನೇರವಾಗಿ ನಮ್ಮೆಡೆಗೆ ಬರುವ ವಿಮಾನವು ಅತ್ತಿತ್ತ ಸರಿಯದ ಕಾರಣ ನಿಂತಂತೆ ತೋರುತ್ತದೆ. ಮರವಾಗಲಿ ಮನೆಯಾಗಲಿ ಇಲ್ಲದ ಬಯಲಿನಲ್ಲಿ ಗಾತ್ರವನ್ನು ಅಳೆಯಲು ಕಣ್ಣಿಗೆ ಆಧಾರವೇ ಇಲ್ಲ. ದೂರದ ದೊಡ್ಡದು ಹತ್ತಿರದ ಚಿಕ್ಕದಾಗಿ, ನಿಧಾನವಾದುದಾಗಿ ಕಾಣುತ್ತದೆ. ಬೆಳಕು ಅದರ ಹಿಂದಿದ್ದರೆ ಬಣ್ಣವೂ ಗುರುತೂ ಅಳಿದು ಕರಿನೆರಳು ಮಾತ್ರ ಉಳಿಯುತ್ತದೆ. ಬ್ರಿಟನ್ನಿನ ವಾಯುಸೈನ್ಯದಲ್ಲಿ 2023ರ ವರೆಗೆ ಹರ್ಕ್ಯುಲಿಸ್ ಎಂಬ ಸಾಮಾನು ಸಾಗಿಸುವ ವಿಮಾನಗಳಿದ್ದುವು. ಅವಕ್ಕೂ ಪಂಖಗಳು ನಾಲ್ಕೇ. ಕಣಿವೆಗಳಲ್ಲಿ ಕೆಳಗೆ ಹಾರುವುದು ಅವುಗಳ ಅಭ್ಯಾಸ. ಲ್ಯಾಂಕಾಸ್ಟರಿನ ಬಾಲದಲ್ಲಿ ಎರಡು ನಿಲುವು ರೆಕ್ಕೆಗಳು, ಇದಕ್ಕೆ ಒಂದೇ. ಮುಚ್ಚಂಜೆಯ ಮಬ್ಬಿನಲ್ಲಿ ಅದನ್ನು ಎಣಿಸಿದವರು ಯಾರು? ನಾವು ಕಂಡುದು ಬಹುಶಃ ಅದೇ ಇದ್ದೀತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಬ್ಬಿನಲ್ಲಿ ಕಂಡುದಕ್ಕೆ ಒಂದೊಂದು ಸೀಮೆಯವರು ಒಂದೊಂದು ಹೆಸರನ್ನೇ ಏಕೆ ಕೊಡುವರು? 1933-34ರ ಚಳಿಗಾಲದಲ್ಲಿ ಸ್ವೀಡನ್, ನಾರ್ವೆ, ಫಿನ್ಲೆಂಡುಗಳ ಉತ್ತರಭಾಗದ ಜನರು, ಗುರುತಿಲ್ಲದ ಬೂದುಬಣ್ಣದ ವಿಮಾನಗಳು ಹಿಮಪಾತದಲ್ಲಿಯೂ ರಾತ್ರಿಯಲ್ಲಿಯೂ ಹಾರಾಡುವುದನ್ನು ಕಂಡೆವೆಂದು ಹೇಳಿದರು. ಪತ್ರಿಕೆಗಳು ಅವಕ್ಕೆ ಭೂತವಿಮಾನಗಳೆಂದು ಹೆಸರಿಟ್ಟುವು. ಸ್ವೀಡನ್ನಿನ ಸೈನ್ಯವು ವಿಮಾನಗಳನ್ನು ಕಳುಹಿಸಿ ಹುಡುಕಿಸಿತು. ಅವುಗಳ ನೆಲೆ ಸಿಕ್ಕಲಿಲ್ಲ. ಯೂರೋಪಿನಲ್ಲಿ ಮತ್ತೊಂದು ಯುದ್ಧದ ಭಯ ಬೆಳೆಯುತ್ತಿದ್ದ ದಿನಗಳವು. ಅಲ್ಲಿಯವರು ಆಕಾಶದಲ್ಲಿ ಗೂಢಚಾರನನ್ನು ಕಂಡರು. ಪೀಕ್ ಸೀಮೆಯವರು ಅದೇ ಆಕಾಶದಲ್ಲಿ ಮನೆಗೆ ಮರಳದ ಹುಡುಗರನ್ನು ಕಾಣುತ್ತಾರೆ. ಕಣ್ಣಿಗೆ ಬೀಳುವುದು ಒಂದು ನೆರಳು. ಅದಕ್ಕೆ ಹೆಸರು ಕೊಡುವುದು ಎದೆಯೊಳಗಿರುವ ಭಯ ಅಥವಾ ದುಃಖ.

ಇದನ್ನು ನನ್ನಾಕೆ ನನಗಿಂತ ಚೆನ್ನಾಗಿ ಹೇಳಿದಳು. ಆ ರಾತ್ರಿ ಅಳಿಯಂದಿರು ಏನೋ ಕೆಲಸಕ್ಕೆ ಹೊರಗೆ ಹೋಗಿ ತಡಮಾಡಿದರು. ಅವರ ಪಾಲಿನ ಅನ್ನವನ್ನು ತಟ್ಟೆಯಿಂದ ಮುಚ್ಚಿಟ್ಟು, ಮಗಳು ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲ “ಬಂದರು” ಎಂದು ಕಿಟಕಿಯ ಹತ್ತಿರ ಹೋಗುತ್ತಿದ್ದಳು. ಮೂರು ಸಲ ಬೇರೆಯವರ ಕಾರು. ನನ್ನಾಕೆ ನನ್ನ ಕಡೆ ತಿರುಗಿ, “ನೋಡಿದಿರಾ? ಬರಬೇಕಾದವರು ಬರದೆಹೋದರೆ ಹಾದಿಯಲ್ಲಿ ಹೋಗುವುದೆಲ್ಲ ಅವರ ಕಾರೇ. ಆ ಬೆಟ್ಟದವರದೂ ಅಷ್ಟೇ” ಎಂದಳು. ನಾಲ್ಕನೆಯ ಸಲ ಬಂದುದು ಅಳಿಯಂದಿರೇ.

ಮಲಗುವ ಮುನ್ನ ಮೊಮ್ಮಗನು ತನ್ನ ಪುಸ್ತಕವನ್ನು ತಂದು, ಏನೆಂದು ಬರೆಯಲಿ ಎಂದು ಕೇಳಿದನು. ನಮ್ಮ ತಂದೆಯವರ ನಿಯಮದಂತೆಯೇ ಬರೆಯಿಸಿದೆನು: “ಒಂದು ವಿಮಾನವನ್ನು ಕಂಡೆವು. ಎಂಜಿನು ನಾಲ್ಕು. ಬಾಲ ಸರಿಯಾಗಿ ಕಾಣಲಿಲ್ಲ. ಸದ್ದಿನ ವಿಷಯದಲ್ಲಿ ಅನುಮಾನ.” ಅವನು ಬರೆದು ಮುಗಿಸಿ, “ಅದು ಇಳಿಯಿತೋ ಇಲ್ಲವೋ, ತಾತ?” ಎಂದನು.

“ಇಳಿದಿರಬೇಕು, ಮಗು. ಇಳಿಯದಿದ್ದರೆ ನಿನ್ನೆ ರಾತ್ರಿಯೇ ಯಾರಾದರೂ ದೀಪ ಹಿಡಿದು ಹುಡುಕಲು ಹೋಗುತ್ತಿದ್ದರು” ಎಂದೆನು.

ಅವನು ಅದನ್ನೂ ಬರೆದುಕೊಂಡು ಮಲಗಿದನು.